ಬದು ಒತ್ತುವರಿಯ ಸೂಕ್ಷ್ಮಜೀವಿಶಾಸ್ತ್ರ: ಮಧುಗಿರಿ ಉಪವಿಭಾಗದ ಮೇಲಿನ ಮಹಾಪ್ರಬಂಧದ ಸಾರಸಂಗ್ರಹ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಉಪವಿಭಾಗ. ಇಲ್ಲಿಯ ಕೆಮ್ಮಣ್ಣಿನಲ್ಲಿ ಎರಡು ಬೆಳೆ: ಕಡ್ಲೆಕಾಯಿ ಮತ್ತು ಬದುವಿನ ತಕರಾರು. ಮೊದಲನೆಯದಕ್ಕೆ ಮಳೆ ಬೇಕು. ಎರಡನೆಯದು ಬರಗಾಲದಲ್ಲೂ ಕೈಬಿಡುವುದಿಲ್ಲ. ಹೀಗಿದ್ದೂ ಶಾಸ್ತ್ರಜ್ಞರು ಅದನ್ನು ಕಡೆಗಣಿಸಿದ್ದಾರೆಂದು ನೊಂದ ಪ್ರಬಂಧಕಾರರು, ಮಣ್ಣಿನ ಮೇಲಿನ ಕಕ್ಷಿದಾರರನ್ನು ಬಿಟ್ಟು ಮಣ್ಣಿನೊಳಗಿನವರನ್ನು ಹಿಡಿದಿದ್ದಾರೆ. ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು. ಒಂದಕ್ಕೂ ಪಹಣಿ ಇಲ್ಲ. ಜಗಳವಾಗದೆ ಇದ್ದೀತೇ?

ಪೂರ್ವಪಕ್ಷ: ಬ್ಯಾಕ್ಟೀರಿಯಾಗಳು ದೂರದಿಂದಲೇ ವಿಷ ಕಾರಿ ಹೊಡೆದಾಡುತ್ತವೆ, ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಕೊಟ್ಟ ಸ್ಟ್ರೆಪ್ಟೊಮೈಸಿನ್ನೇ ಸಾಕ್ಷಿ. ಸಿದ್ಧಾಂತ: ಆ ಸಾಕ್ಷಿ ಸಾಲದು. 2005ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಡೇವಿಡ್ ಲೋ ಅವರ ತಂಡ, ಇಲಿಯ ಕರುಳಿನಿಂದ ತೆಗೆದ ಇಸಿ93 ಎಂಬ ಇ. ಕೋಲಿಯನ್ನು ಬೇರೊಂದು ಇ. ಕೋಲಿಯ ಜೊತೆ ಬೆಳೆಸಿತು. ಪಕ್ಕದವನ ಬೆಳವಣಿಗೆ ನಿಂತೇಹೋಯಿತು. ನಡುವೆ ಸಣ್ಣ ರಂಧ್ರಗಳ ಪೊರೆ ಕಟ್ಟಿದಾಗ, ನೀರೂ ಪೋಷಕಾಂಶವೂ ಆಚೀಚೆ ಹರಿದಾಡುತ್ತಿದ್ದರೂ ಏನೂ ಆಗಲಿಲ್ಲ. ಮೈಗೆ ಮೈ ತಾಗಿದರೆ ಮಾತ್ರ ಪೆಟ್ಟು. ಬೇಲಿ ಹಾಕಿದರೆ ಜಗಳ ನಿಲ್ಲುತ್ತದೆಂದು ವಿಜ್ಞಾನ ಒಪ್ಪಿದ್ದು ಇದೊಂದೇ ಸಂದರ್ಭದಲ್ಲಿ. ನಮ್ಮಲ್ಲಿ ಜಗಳ ಶುರುವಾಗುವುದೇ ಬೇಲಿ ಹಾಕಿದ ಮೇಲೆ.

ಸ್ಪರ್ಶದ ಅಧ್ಯಯನಕ್ಕೆ ಪಾವಗಡಕ್ಕಿಂತ ಯೋಗ್ಯ ತಾಲ್ಲೂಕಿಲ್ಲ. ಸುತ್ತ ಬಹುಪಾಲು ಆಂಧ್ರ. ಮಧುಗಿರಿಯಿಂದ ಹೊರಟ ಬಸ್ಸು ಆಂಧ್ರದ ಮಡಕಶಿರಾ ಸೀಮೆಯ ನೆಲ ತುಳಿದೇ ಅಲ್ಲಿಗೆ ಸೇರಬೇಕು. 1687ರಲ್ಲಿ ಮೊಗಲರು ಶಿರಾವನ್ನು ಸುಬಾ ಮಾಡಿಕೊಂಡಾಗಲೇ ಬದು ಒತ್ತುವ ವಿದ್ಯೆ ಇಲ್ಲಿತ್ತೆಂದು ಸಾಧಿಸುವ ಆಸೆಯೂ ಪ್ರಬಂಧಕಾರರಿಗಿತ್ತು. ಆಧಾರ ಒಂದೂ ಸಿಗದ ಕಾರಣ ಆ ಅಧ್ಯಾಯವನ್ನು ನಲವತ್ತು ಪುಟಕ್ಕೇ ಮುಗಿಸಿದ್ದಾರೆ. ಇನ್ನು ಮಧುಗಿರಿಯ ಏಕಶಿಲಾ ಬೆಟ್ಟ. ಇಡೀ ಉಪವಿಭಾಗದಲ್ಲಿ ರಾತ್ರೋರಾತ್ರಿ ಕಿತ್ತು ಸರಿಸಲಾಗದ ಗಡಿಕಲ್ಲು ಅದೊಂದೇ.

ಈಗ ಒತ್ತುವರಿಯ ವಿಧಾನ. ಇಸಿ93ರ ಮೈಮೇಲೆ ಸಿಡಿಐ-ಎ ಎಂಬ ಉದ್ದನೆಯ ಪ್ರೋಟೀನು ಕೋಲಿನಂತೆ ಚಾಚಿಕೊಂಡಿರುತ್ತದೆ. ಅದು ನೆರೆಯವನ ಹೊರಪೊರೆಯ ಬಾಮ್-ಎ ಎಂಬ ಪ್ರೋಟೀನನ್ನು ಹಿಡಿದು, ತನ್ನ ತುದಿಯ ವಿಷವನ್ನು ಒಳಗೆ ದಾಟಿಸುತ್ತದೆ. ಇದಕ್ಕಿಂತ ಒರಟು ಇನ್ನೊಂದಿದೆ, ಆರನೇ ವಿಧದ ಸ್ರವಿಕೆ ವ್ಯವಸ್ಥೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಟಿ4 ವೈರಸ್ಸಿನ ಬಾಲಕ್ಕೂ ಇದಕ್ಕೂ ಒಂದೇ ವಿನ್ಯಾಸ: ಹೊರಗೆ ಕುಗ್ಗುವ ಕವಚ, ಒಳಗೆ ವಿಷ ಹೊತ್ತ ಸೂಜಿ. ಐದು ಮಿಲಿಸೆಕೆಂಡಿನೊಳಗೆ ಕವಚ ಕುಗ್ಗಿ ಸೂಜಿ ಪಕ್ಕದವನ ಮೈಯೊಳಗೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಭೂಮಾಪಕರಿಗೆ ಕಾಯುವವರು ಈ ವೇಗವನ್ನು ಗಮನಿಸಬೇಕು.

ಕಾಲರಾ ಬ್ಯಾಕ್ಟೀರಿಯಾ ದಿಕ್ಕುದೆಸೆ ನೋಡದೆ ಸುತ್ತಲೂ ಚುಚ್ಚುತ್ತದೆ. ಸ್ಯೂಡೊಮೊನಾಸ್ ಏರುಜಿನೋಸ ಹಾಗಲ್ಲ. ತನಗೆ ಎಲ್ಲಿ ಪೆಟ್ಟು ಬಿತ್ತೋ ಅಲ್ಲಿಂದಲೇ ತಿರುಗಿಸಿ ಹೊಡೆಯುತ್ತದೆ. ಸೂಜಿ ಇಲ್ಲದ ನೆರೆಯವನ ತಂಟೆಗೆ ಹೋಗುವುದಿಲ್ಲ. ಹಾರ್ವರ್ಡಿನ ತಂಡ 2013ರಲ್ಲಿ ಪ್ರಕಟಿಸಿದ ಈ ವಿದ್ಯಮಾನಕ್ಕೆ ನಮ್ಮ ಠಾಣೆಗಳಲ್ಲಿ ಕೌಂಟರ್ ಕೇಸು ಎನ್ನುತ್ತಾರೆ. ಕಾಲರಾದ ಮುಂದಿನ ನಡೆ ಇನ್ನೂ ಘೋರ. ಕೊಂದವನ ಡಿಎನ್ಎ ಹೊರಗೆ ಚೆಲ್ಲಿದಾಗ ಅದನ್ನೇ ಎಳೆದುಕೊಂಡು ತನ್ನದಕ್ಕೆ ಸೇರಿಸಿಕೊಳ್ಳುತ್ತದೆಂದು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನವರು ತೋರಿಸಿದರು. ಒತ್ತುವರಿಯಾದ ಮೇಲೆ ಖಾತೆ ಬದಲಾವಣೆ! ನಮ್ಮಲ್ಲಾದರೆ ಅದರ ಮೇಲ್ಮನವಿ ಮಧುಗಿರಿಯ ಉಪವಿಭಾಗಾಧಿಕಾರಿಗಳ ಮುಂದೆ ಬರುತ್ತದೆ.

ಇಲ್ಲಿಯವರೆಗೆ ಸಾಮ್ಯ ಚೆನ್ನಾಗಿಯೇ ನಡೆಯಿತು. ಮುಗ್ಗರಿಸಿದ್ದು ದಾಯಾದಿಗಳಲ್ಲಿ. ಇಸಿ93ರ ಒಡಹುಟ್ಟಿದವೆಲ್ಲ ಹುಟ್ಟುವಾಗಲೇ ಸಿಡಿಐ-ಐ ಎಂಬ ರಕ್ಷಣಾ ಪ್ರೋಟೀನು ಹೊತ್ತು ಬರುತ್ತವೆ. ಆ ವಂಶದ ವಿಷ ಆ ವಂಶಕ್ಕೆ ತಟ್ಟುವುದಿಲ್ಲ. ಪೆಟ್ಟೇನಿದ್ದರೂ ಹೊರಗಿನವರಿಗೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಹೊರಗಿನವನ ಜೊತೆ ಕಾಫಿ, ಚಿಕ್ಕಪ್ಪನ ಮಗನ ಜೊತೆ ಕೇಸು. ಬ್ಯಾಕ್ಟೀರಿಯಾಗಳು ವಿಕಾಸದಲ್ಲಿ ಹಿಂದುಳಿದಿವೆ ಎಂಬ ಹಳೆಯ ಅಭಿಪ್ರಾಯವನ್ನು ಪ್ರಬಂಧಕಾರರು ಇಲ್ಲಿ ಹಿಂದಕ್ಕೆ ಪಡೆಯುತ್ತಾರೆ.

ಕೊನೆಗೆ ಕಡ್ಲೆಕಾಯಿ. ಬಿತ್ತನೆಯ ದಿನ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪ್ಯಾಕೆಟ್ಟಿನ ಕಪ್ಪು ಪುಡಿ ಕಲಸಿ, ಬೀಜದ ಸಿಪ್ಪೆ ಸುಲಿಯದಂತೆ ಮೆಲ್ಲಗೆ ಸವರಿ, ನೆರಳಿನಲ್ಲಿ ಆರಿಸುತ್ತಾರೆ. ಹೀಗೆ ಹೊಲಕ್ಕಿಳಿದ ಹೊಸಬರು ಎದುರಿಸುವುದು ತಲೆಮಾರುಗಳಿಂದ ಅಲ್ಲೇ ಬೀಡುಬಿಟ್ಟ ಸ್ಥಳೀಯ ರೈಜೋಬಿಯಾಗಳನ್ನು. ಬೇರಿನ ಗಂಟಿನಲ್ಲಿ ಜಾಗ ಹಿಡಿಯುವ ಈ ಪೈಪೋಟಿಯಲ್ಲಿ ಪ್ಯಾಕೆಟ್ಟಿನವರು ಸೋಲುವುದು ಹೊಸದೇನಲ್ಲ. ಆಯುಧವಿದ್ದರೆ ಗೆಲುವೆಂಬುದೂ ಸುಳ್ಳು. ಬಟಾಣಿ ಬೇರಿನಲ್ಲಿ ಗಂಟು ಕಟ್ಟಿದರೂ ಸರಿಯಾಗಿ ಒಳಹೊಕ್ಕು ಸಾರಜನಕ ಹಿಡಿಯಲಾಗದ ಒಂದು ರೈಜೋಬಿಯಂ ತಳಿಯನ್ನು ನೆದರ್‌ಲೆಂಡ್ಸ್‌ನ ಲೈಡನ್‌ನವರು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು. ಅಡ್ಡಿಯಾಗಿದ್ದ ಜೀನುಗಳನ್ನು ಕೆಡಿಸಿದಾಗ ಬಟಾಣಿ ಅದನ್ನು ಒಳಗೆ ಬಿಟ್ಟುಕೊಂಡಿತು. ಅವು ಆಗಲೇ ಹೇಳಿದ ವಿಷದ ಸೂಜಿಯ ಜೀನುಗಳೆಂದು ಆಮೇಲೆ ತಿಳಿಯಿತು.

ಓದುಗರು ತಮ್ಮ ಹೊಲದ ತೀರ್ಪನ್ನು ತಾವೇ ನೋಡಬಹುದು. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಮೇತ ಅಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪಗಿದ್ದರೆ ಸಾರಜನಕದ ಕೆಲಸ ನಡೆದಿದೆ. ಆ ಕೆಲಸ ಪ್ಯಾಕೆಟ್ಟಿನವರದೋ ಸ್ಥಳೀಯರದೋ ಎಂಬುದಕ್ಕೆ ಮಾತ್ರ ಪ್ರಯೋಗಾಲಯವೇ ಆಗಬೇಕು.