ಪೀಠಿಕೆ, ವಿಷಯ ನಿರೂಪಣೆ, ಪಲಾವು

ಮಕ್ಕಳ ಸೃಜನಶೀಲ ಬರವಣಿಗೆ ಕಮ್ಮಟಕ್ಕೆ ಮೊದಲು ಬೇಕಾದದ್ದು ಫ್ಲೆಕ್ಸು. ಆಮೇಲೆ ವೇದಿಕೆಯ ಮೇಲೆ ಒಂಬತ್ತು ಕುರ್ಚಿ, ಒಂಬತ್ತು ಶಾಲು. ಮಕ್ಕಳು ಇರಲೇಬೇಕೆಂದೇನಿಲ್ಲ, ಇದ್ದರೆ ಸಭಾಂಗಣ ತುಂಬಿದಂತೆ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದ್ದರಿಂದ ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಮಳೆ ರಜೆಗಳ ಗಲಾಟೆ ಮುಗಿದ ಕೂಡಲೇ ಎಂಟು ಒಂಬತ್ತನೇ ಇಯತ್ತೆಯ ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸಲಾಗುತ್ತದೆ. ಅವರ ಕೈಗೆ ಒಂದು ಪ್ಯಾಡು, ಒಂದು ಪೆನ್ನು. ಪೆನ್ನು ಸಂಜೆಯವರೆಗೂ ಹೊಸದಾಗಿಯೇ ಇರುತ್ತದೆ.

ಉದ್ಘಾಟನೆ ಹತ್ತಕ್ಕೆ. ಅಂದರೆ ಹನ್ನೊಂದೂವರೆಗೆ. ರಾಷ್ಟ್ರೀಯ ಹೆದ್ದಾರಿ 66ರ ಚತುಷ್ಪಥ ಕಾಮಗಾರಿ ನಮ್ಮ ಸಾಂಸ್ಕೃತಿಕ ಲೋಕಕ್ಕೆ ಮಾಡಿದ ಉಪಕಾರವನ್ನು ಯಾರೂ ಇನ್ನೂ ಸರಿಯಾಗಿ ಬರೆದಿಲ್ಲ. ಅತಿಥಿಗಳು ಎಷ್ಟೇ ತಡವಾಗಿ ಬರಲಿ, ಕಾರಣ ರಸ್ತೆಯುದ್ದಕ್ಕೂ ಬಿದ್ದುಕೊಂಡಿರುತ್ತದೆ. ಸ್ವಾಗತ, ಪ್ರಾಸ್ತಾವಿಕ, ದೀಪ, ದೀಪ ಆರಿತೆಂದು ಮತ್ತೊಮ್ಮೆ ದೀಪ. ಆನಂತರ ಮುಖ್ಯ ಅತಿಥಿಗಳು ಮೈಕಿನ ಕುತ್ತಿಗೆ ಹಿಡಿದು, ಈ ಮಣ್ಣಿನ ಗಾಳಿಯಲ್ಲೇ ಸಾಹಿತ್ಯವಿದೆ ಎಂದು ಶುರುಮಾಡುತ್ತಾರೆ. ಹನೇಹಳ್ಳಿಯ ಯಶವಂತ ಚಿತ್ತಾಲ, ಗೋಕರ್ಣದ ಜಯಂತ ಕಾಯ್ಕಿಣಿ, ಪಕ್ಕದ ಅಂಕೋಲೆಯ ದಿನಕರ ದೇಸಾಯಿ: ಹಾಜರಿ ಪುಸ್ತಕದ ಹಾಗೆ ಹೆಸರುಗಳು ಬರುತ್ತವೆ. ಇವರ ಯಾವ ಪುಸ್ತಕ ಓದಿದ್ದೀರಿ ಎಂದು ಮಕ್ಕಳನ್ನು ಕೇಳುವ ಅಸಭ್ಯತೆಯನ್ನು ಯಾರೂ ತೋರುವುದಿಲ್ಲ. ಕೇಳಿದರೆ ಮಕ್ಕಳೂ ತಿರುಗಿ ಕೇಳಿಯಾರು ಎಂಬ ಭಯವಿದ್ದೀತು.

ಗಾಳಿಯ ವಿಷಯ ಬಂದದ್ದರಿಂದ ಒಂದು ಮಾತು. ಚಿತ್ತಾಲರು ಮುಂಬಯಿಯ ಕಂಪನಿಯಲ್ಲಿ ಪಾಲಿಮರ್ ತಜ್ಞರಾಗಿ ದುಡಿಯುತ್ತಲೇ ಹನೇಹಳ್ಳಿಯನ್ನು ಬರೆದರು. ಕಾಯ್ಕಿಣಿಯವರೂ ಮುಂಬಯಿಗೆ ಹೋಗಿ ಔಷಧ ಕಂಪನಿಯ ಕೆಮಿಸ್ಟರಾದರು. ನಮ್ಮ ಗಾಳಿಯಲ್ಲಿ ಅಷ್ಟೊಂದು ಸಾಹಿತ್ಯವಿದ್ದಿದ್ದರೆ ಇಬ್ಬರೂ ಅಷ್ಟು ದೂರ ಹೋಗಿ ರಸಾಯನಶಾಸ್ತ್ರದ ಗಾಳಿ ಕುಡಿಯಬೇಕಾಗಿತ್ತೇ? ಇಲ್ಲಿ ಇದ್ದದ್ದು ಗಾಳಿಯಲ್ಲ, ಮಾಸ್ತರರು. ಗೌರೀಶ ಕಾಯ್ಕಿಣಿ ಗೋಕರ್ಣದ ಭದ್ರಕಾಳಿ ಹೈಸ್ಕೂಲಿನಲ್ಲಿ ಪಾಠ ಮಾಡಿದರು. ಸು.ರಂ. ಎಕ್ಕುಂಡಿ ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಬಹುಕಾಲ ಮಾಸ್ತರಿಕೆ ಮಾಡುತ್ತಲೇ ಕವಿಯಾದರು. ಅವರ ‘ಬಕುಲದ ಹೂವುಗಳು’ ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಮಾಸ್ತರರು ಫ್ಲೆಕ್ಸ್ ಕಟ್ಟಿಸಲಿಲ್ಲ. ತಾವು ಓದುತ್ತಿದ್ದರು, ಬರೆಯುತ್ತಿದ್ದರು, ಮಕ್ಕಳು ನೋಡುತ್ತಿದ್ದರು. ಈಗಿನ ಮಾಸ್ತರರಿಗೂ ಓದುವ ಆಸೆಯಿದೆ. ಆದರೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವಿಕೆ ಮುಗಿಯುವ ಹೊತ್ತಿಗೆ ನಿವೃತ್ತಿ ಬಂದಿರುತ್ತದೆ. ನಿವೃತ್ತರಾದ ಮೇಲೆ ಅವರೇ ಕಮ್ಮಟದ ಸಂಪನ್ಮೂಲ ವ್ಯಕ್ತಿ.

ಊಟಕ್ಕೆ ಮೊದಲು ಸಂಪನ್ಮೂಲ ವ್ಯಕ್ತಿಗಳು ಬರವಣಿಗೆಯ ಗುಟ್ಟು ಬಿಟ್ಟುಕೊಡುತ್ತಾರೆ. ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ಭಾಗ. ಪೀಠಿಕೆ ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಆರಂಭವಾಗಬೇಕು. ಇದು ಗ್ರಂಥಾಲಯಕ್ಕೂ ಸಲ್ಲುತ್ತದೆ, ಗೋಸಂಪತ್ತಿಗೂ ಸಲ್ಲುತ್ತದೆ, ಪ್ಲಾಸ್ಟಿಕ್ಕಿಗಂತೂ ಹೇಳಿ ಮಾಡಿಸಿದ್ದು. ನಡುವೆ ಒಂದು ಗಾದೆ, ಒಬ್ಬ ಮಹನೀಯರ ಮಾತು. ಮಹನೀಯರು ಯಾರೆಂದು ನೆನಪಾಗದಿದ್ದರೆ ವಿವೇಕಾನಂದರು. ಕೊನೆಗೆ ಎಲ್ಲರೂ ಸೇರಿ ಪಣ ತೊಡಬೇಕು. ನಮ್ಮ ಮಕ್ಕಳು ಹತ್ತನೇ ಇಯತ್ತೆ ದಾಟುವಷ್ಟರಲ್ಲಿ ತೊಟ್ಟ ಪಣಗಳೆಲ್ಲ ಈಡೇರಿದ್ದರೆ ದೇಶದಲ್ಲಿ ಕಸ, ವರದಕ್ಷಿಣೆ, ನಿರುದ್ಯೋಗ ಯಾವುದೂ ಉಳಿಯುತ್ತಿರಲಿಲ್ಲ; ಪ್ರಬಂಧಕ್ಕೆ ವಿಷಯವೂ ಉಳಿಯುತ್ತಿರಲಿಲ್ಲ.

ಶಾಲೆಗಳ ಪ್ರತಿಭಾ ಕಾರಂಜಿ ಸ್ಪರ್ಧೆಯಲ್ಲೂ ಪ್ರಬಂಧ ರಚನೆ ಇದೆ, ಆಶುಭಾಷಣವೂ ಇದೆ. ಆಶುಭಾಷಣಕ್ಕೆ ಮಕ್ಕಳು ತಿಂಗಳುಗಟ್ಟಲೆ ಬಾಯಿಪಾಠ ಮಾಡುತ್ತಾರೆ. ಅದೇ ಹೊನ್ನಾವರದ ಆಸುಪಾಸಿನಲ್ಲಿ ತಾಳಮದ್ದಳೆ ನಡೆದರೆ, ಅರ್ಥಧಾರಿ ಕೈಯಲ್ಲಿ ಚೀಟಿಯಿಲ್ಲದೆ ಕುಳಿತು ಎದುರಾಳಿಯ ಮಾತಿನಿಂದಲೇ ತನ್ನ ಮಾತು ಹುಟ್ಟಿಸಿಕೊಂಡು ಕೃಷ್ಣನನ್ನೇ ಕಟಕಟೆಗೆ ಎಳೆಯುತ್ತಾನೆ. ಅವನನ್ನು ಕಮ್ಮಟಕ್ಕೆ ಕರೆಯುವುದಿಲ್ಲ. ಅವನಿಗೆ ಉಪಸಂಹಾರ ಬರುವುದಿಲ್ಲವಲ್ಲ.

ಊಟವಾದ ಮೇಲೆ ವಿಷಯದ ಚೀಟಿ. ‘ಆರೋಗ್ಯವೇ ಭಾಗ್ಯ’ ಎಂದು ಬಂತೆನ್ನಿ. ಬರೆಯುವವರು ಉತ್ತರ ಕನ್ನಡದ ಮಕ್ಕಳು. ಎದೆನೋವು ಬಂದರೆ ಮಣಿಪಾಲವೋ ಮಂಗಳೂರೋ ಗೋವೆಯೋ ಎಂದು ಮನೆಮಂದಿ ಅಂಗಳದಲ್ಲಿ ನಿಂತು ಚರ್ಚಿಸುವ ಜಿಲ್ಲೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸು ಶಿರೂರಿನ ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ತೀರಿಹೋದರು. ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಗೆ ಜಿಲ್ಲೆಯೇ ಕೂಗಿತು. ಈ ಯಾವುದೂ ಪ್ರಬಂಧದಲ್ಲಿ ಬರುವುದಿಲ್ಲ. ಬೇಗ ಏಳಬೇಕು, ಹಸಿರು ಸೊಪ್ಪು ತಿನ್ನಬೇಕು, ಯೋಗ ಮಾಡಬೇಕು ಎಂದು ಬರುತ್ತದೆ. ಅದಕ್ಕೇ ಪ್ರಥಮ ಬಹುಮಾನ.

‘ನಮ್ಮ ಕಡಲತೀರದ ಸೌಂದರ್ಯ’ ಎಂದೂ ಒಮ್ಮೊಮ್ಮೆ ಬರುತ್ತದೆ. ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ. ಅಲ್ಲೇ ಹತ್ತಿರದ ಟೊಂಕದ ಮರಳಿನಲ್ಲಿ ಕಡಲಾಮೆ ಬಂದು ಮೊಟ್ಟೆ ಇಡುತ್ತದೆ. ಅಲ್ಲೇ ಮೀನುಗಾರರು ಖಾಸಗಿ ಬಂದರು ಬೇಡವೆಂದು ವರ್ಷಗಳಿಂದ ಪ್ರತಿಭಟಿಸುತ್ತಿದ್ದಾರೆ, ಪೊಲೀಸರು ಬಂದು ಹೋಗುತ್ತಿದ್ದಾರೆ. ಇಷ್ಟೆಲ್ಲ ಕಣ್ಣಾರೆ ಕಂಡ ಟೊಂಕದ ಹುಡುಗ ಕಮ್ಮಟದಲ್ಲಿ ಬರೆಯಬೇಕಾದದ್ದು ಸೂರ್ಯಾಸ್ತದ ಬಗ್ಗೆ. ಆಮೆಯನ್ನು ತಂದರೆ ವಿಷಯಾಂತರ, ಬಂದರನ್ನು ತಂದರೆ ವಿವಾದ. ಸೂರ್ಯ ಮುಳುಗುವುದಕ್ಕೆ ಈವರೆಗೆ ಯಾವ ಇಲಾಖೆಯ ಆಕ್ಷೇಪವೂ ಬಂದಿಲ್ಲ.

ಎಲ್ಲ ಮಕ್ಕಳೂ ಹೇಳಿದ್ದು ಕೇಳುವುದಿಲ್ಲ ಎಂಬುದು ಕಮ್ಮಟಗಳ ದೊಡ್ಡ ತಲೆನೋವು. ಅಘನಾಶಿನಿ ದಂಡೆಯ ಹುಡುಗಿಯೊಬ್ಬಳು ಹೀಗೆ ಬರೆದುಕೊಟ್ಟಳು ಎಂದಿಟ್ಟುಕೊಳ್ಳಿ: ‘ಇಳಿತ ಬಿದ್ದ ಮೇಲೆ ಆಯಿ ಬೆಳಚು ತೆಗೆಯೂಕೆ ಹೋಗ್ತದೆ. ಕೆಸರಲ್ಲಿ ಚಪ್ಪಲಿ ಹುಗಿದ್ರೆ ಸಿಗೂದಿಲ್ಲ, ಅದಕ್ಕೆ ಮನೇಲೇ ಬಿಟ್ಟು ಹೋಗ್ತದೆ. ನಾನು ಒಮ್ಮೆ ಅದರ ಚಪ್ಪಲಿ ಹಾಕ್ಕೊಂಡು ಶಾಲೆಗೆ ಹೋಗಿದ್ದೆ.’ ಸಂಪನ್ಮೂಲ ವ್ಯಕ್ತಿಗಳು ಕೆಂಪು ಪೆನ್ನು ಹಿಡಿದರು. ಸ್ಮರಣ ಸಂಚಿಕೆಯಲ್ಲಿ ಅಚ್ಚಾದದ್ದು: ‘ನನ್ನ ಪೂಜ್ಯ ಮಾತೆಯವರು ನದಿಯಲ್ಲಿ ಚಿಪ್ಪುಜೀವಿಗಳನ್ನು ಸಂಗ್ರಹಿಸುತ್ತಾರೆ. ತಾಯಿಯೇ ಮೊದಲ ದೇವರು.’ ಚಪ್ಪಲಿಯನ್ನು ತೆಗೆದುಹಾಕಲಾಗಿದೆ. ದೇವರ ಪಕ್ಕದಲ್ಲಿ ಚಪ್ಪಲಿ ಸಲ್ಲದು. ಉಪ್ಪುನೀರು ನಿಂತರೂ ಸಾಯದ ಕಗ್ಗ ಭತ್ತ, ಗಜನಿ ಗದ್ದೆಯ ಕಟ್ಟು ಒಡೆದ ರಾತ್ರಿ, ಹೆದ್ದಾರಿ ಬದಿಗೆ ತೂಗಿಬಿಟ್ಟ ಕುಮಟಾ ಸಿಹಿ ಈರುಳ್ಳಿಯ ಗೊಂಚಲು, ಸಾಣಿಕಟ್ಟೆಯ ಉಪ್ಪಿನ ರಾಶಿ: ಮಕ್ಕಳ ತಲೆಯಲ್ಲಿ ಇರುವ ಇಂಥ ಸಾಮಾನುಗಳನ್ನೆಲ್ಲ ಗುಡಿಸಿ ಹೊರಹಾಕಿದ ಮೇಲೆಯೇ ಅಲ್ಲಿ ಸೃಜನಶೀಲತೆಗೆ ಜಾಗವಾಗುವುದು.

ಭಟ್ಕಳದ ಕಮ್ಮಟಕ್ಕೆ ಬಂದರೆ ಕಾಳಜಿ ಬೇರೆ. ಅಲ್ಲಿನ ಮಗು ಮನೆಯಲ್ಲಿ ನವಾಯತಿ ಆಡುತ್ತದೆ, ಉರ್ದು ಓದುತ್ತದೆ, ಇಂಗ್ಲಿಷಿನಲ್ಲಿ ಲೆಕ್ಕ ಮಾಡುತ್ತದೆ, ದುಬೈಯಲ್ಲಿರುವ ಅಪ್ಪನಿಗೆ ವಿಡಿಯೋ ಕಾಲಿನಲ್ಲಿ ಇವೆಲ್ಲವನ್ನೂ ಬೆರೆಸಿ ಜಗಳವಾಡುತ್ತದೆ. ಇಂಥ ಮಗುವಿನ ಮುಂದೆ ನಿಂತು ನಮ್ಮ ಭಾಷಣಕಾರರು, ಮಕ್ಕಳಿಗೆ ಭಾಷೆಯ ಬಗ್ಗೆ ಒಲವೇ ಇಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಊರಿನ ಇದಾರಾ ಅದಬೆ ಅತ್ಫಾಲ್ ಎಂಬ ಸಂಸ್ಥೆ ‘ಫೂಲ್’ ಎಂಬ ಉರ್ದು ಮಕ್ಕಳ ಮಾಸಿಕ ಹೊರತರುತ್ತದೆ. ಮಕ್ಕಳ ಓದಿಗೆಂದೇ ಒಂದು ಪತ್ರಿಕೆ, ಬೆಂಗಳೂರಿನಿಂದಲ್ಲ, ಭಟ್ಕಳದಿಂದ. ಕನ್ನಡದ ಕಮ್ಮಟಗಾರರು ಅದರ ಬಾಗಿಲು ತಟ್ಟಿ, ಸ್ವಾಮಿ, ಇದನ್ನು ಹೇಗೆ ನಡೆಸುತ್ತೀರಿ ಎಂದು ಕೇಳಬಹುದಿತ್ತು. ಪುರಸೊತ್ತಾಗಲಿಲ್ಲ, ಶಾಲು ತರಲು ಪೇಟೆಗೆ ಹೋಗಬೇಕಿತ್ತು.

ಹಾಗೆಂದು ಕನ್ನಡದಲ್ಲಿ ಯಾರೂ ಏನೂ ಮಾಡಿಲ್ಲವೆಂದಲ್ಲ. ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ ನೂರು ವರ್ಷ ದಾಟಿದೆ. ಅವರು ಮಕ್ಕಳಿಗಾಗಿ ಬರೆದರು; ನಾವು ಮಕ್ಕಳಿಂದ ಬರೆಸುತ್ತೇವೆ, ಖರ್ಚು ಕಡಿಮೆ. ಈಚೆಗೆ ಪಾಲಕರು ಅದನ್ನೂ ಸುಲಭ ಮಾಡಿದ್ದಾರೆ. ಮೊಬೈಲಿಗೆ ಹೇಳಿದರೆ ಪ್ರಬಂಧ ತಾನೇ ಬಂದು ಬೀಳುತ್ತದೆ, ಆಧುನಿಕ ಯುಗದಿಂದ ಪಣದವರೆಗೆ. ನಿರ್ಣಾಯಕರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಕೆಲವರು ಗೊಣಗುತ್ತಾರೆ. ಹೇಗೆ ಗೊತ್ತಾಗಬೇಕು? ಯಂತ್ರ ಬರುವ ಎಷ್ಟೋ ವರ್ಷ ಮೊದಲೇ ನಾವು ಮಕ್ಕಳನ್ನು ಆ ಹದಕ್ಕೆ ತಂದಿಟ್ಟಿದ್ದೆವು.

ಪತ್ರಿಕೆಗೆ ಕೊಡುವ ವರದಿ ಹಿಂದಿನ ರಾತ್ರಿಯೇ ಸಿದ್ಧವಾಗಿರುತ್ತದೆ. ಇನ್ನೂ ಆಗದ ಭಾಷಣಗಳ ಸಾರಾಂಶ, ಇನ್ನೂ ಬಾರದ ಅತಿಥಿಗಳ ಮೆಚ್ಚುಗೆ, ‘ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರು’ ಎಂಬ ಕೊನೆಯ ಸಾಲು. ಇಡೀ ಕಮ್ಮಟದಲ್ಲಿ ಅಪ್ಪಟ ಕಲ್ಪನೆಯಿಂದ ಹುಟ್ಟಿದ ಬರಹ ಅದೊಂದೇ ಆದ್ದರಿಂದ ಅದಕ್ಕೊಂದು ಬಹುಮಾನ ಇಡಬೇಕೆಂದು ನನ್ನ ವಿನಂತಿ.

ನಾಲ್ಕೂವರೆಗೆ ಅನಿಸಿಕೆ ಫಾರ್ಮು ಹಂಚುತ್ತಾರೆ. ಬಸ್ಸಿಗೆ ಹೊತ್ತಾಗಿರುತ್ತದೆ; ಸಮಯ ಉಳಿಯಲೆಂದು ಮೂರು ಸಾಲನ್ನು ಹಲಗೆಯ ಮೇಲೆ ಬರೆದಿರುತ್ತಾರೆ. ಹಿಂದಿನ ಬೆಂಚಿನಿಂದ ಒಂದು ಕೈ ಏಳುತ್ತದೆ.

“ಅಕ್ಕೋರೇ, ನಮಗೆ ಎಂತ ಅನ್ಸ್ತು ಅಂತ ಬರೆಯೂದಾ?”

“ಅದಕ್ಕೆಲ್ಲ ಈಗ ಟೈಮಿಲ್ಲ ಮಾರಾಯಾ. ಅನಿಸಿಕೆ ಹಲಗೆ ಮೇಲಿದೆ, ನೋಡಿ ಬರಿ. ತಪ್ಪಿಲ್ಲದೇ ಬರಿ.”