ಪಾದ್ರಿಗಳ ಕಾಲೇಜು, ನಮ್ಮ ಪಹಣಿ

"ಮೇಷ್ಟ್ರೇ, ಅದು ಪಾದ್ರಿಗಳ ಕಾಲೇಜಂತಲ್ರಿ. ಹುಡುಗಿನ್ನ ಕಳಿಸ್ಲೋ ಬ್ಯಾಡೋ?"

ಬೇಲಿಯಾಚೆಯ ಅಕ್ಕ ಅಕ್ಕಿ ಕೇರುತ್ತಲೇ ಕೇಳಿದಳು. ಅವಳ ಮಗಳು ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ್ದಾಳೆ. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಿಂದ ಎಂ.ಎಸ್. ಸೀಟಿನ ಪತ್ರ ಬಂದಿದೆ. ನಮ್ಮ ದೇಶನೂರಿಗೆ ಅಮೆರಿಕ ಹೊಸದಲ್ಲ. ತುಂಗಭದ್ರಾ ಡ್ಯಾಂ ಆದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರ ಮಕ್ಕಳು, ಸಿರುಗುಪ್ಪದ ರೈಸ್ ಮಿಲ್ಲಿನವರ ಮಕ್ಕಳು ಹೋಗಿ ಬಹಳ ಕಾಲವಾಯಿತು. ಹೊಸದಾಗಿದ್ದದ್ದು ಆ ವಿಶ್ವವಿದ್ಯಾಲಯ ನಡೆಸೋ ಪಾದ್ರಿಗಳ ಜೆಸ್ವಿಟ್ ಅನ್ನೋ ಹೆಸರು. ಅದನ್ನು ಕೇಳಿದಾಗಿನಿಂದ ಅಕ್ಕನಿಗೆ ನಿದ್ದೆ ಇಲ್ಲ. ಯಾರೋ ಬಂಧುಗಳು ಬಂದು, ಅಲ್ಲಿ ಹೋದವರನ್ನು ಅವರ ಮತಕ್ಕೆ ಸೇರಿಸಿಕೊಳ್ಳುತ್ತಾರೆ ಅಂತ ಬೇರೆ ಹೇಳಿ ಹೋಗಿದ್ದಾರೆ.

"ಯಕ್ಕಾ, ಮಂಗಳೂರಿನ ಅಲೋಶಿಯಸ್ ಕಾಲೇಜು ಕೇಳಿಯೇನು?" ಅಂದೆ.

"ಕೇಳೇನ್ರಿ. ನಮ್ಮ ತಮ್ಮನ ಮಗ ಅಲ್ಲೇ ಓದಿದ್ನಲ್ಲ."

"ಅದೂ ಇವರದೇ. ಅವನೇನು ಮತ ಬಿಟ್ಟು ಬಂದನೇನು?"

"ಅಯ್ಯ, ಅವ್ನು ಪ್ರತಿ ವರ್ಷ ಶ್ರೀಶೈಲಕ್ಕೆ ನಡಕೊಂಡು ಹೋಗ್ತಾನ!"

ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದಿಳಿದದ್ದು 1878ರ ಕೊನೆಯ ದಿನ. 1880ರಲ್ಲಿ ಕಾಲೇಜು ತೆರೆದರು. ಈಗ ಅದು ಪರಿಗಣಿತ ವಿಶ್ವವಿದ್ಯಾಲಯ. ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರದು. ಶುರು ಮಾಡಿದವರು ಫ್ರಾನ್ಸಿನ ಪಾದ್ರಿಗಳು, 1937ರಲ್ಲಿ ಅದು ಜೆಸ್ವಿಟರ ಕೈಗೆ ಬಂತು. ಅಷ್ಟು ದೂರ ಯಾಕೆ, ದಢೇಸೂಗೂರು ಸೇತುವೆ ದಾಟಿ ಸಿಂಧನೂರಿನ ಮೇಲೆ ಹಾಯ್ದು ಮಾನ್ವಿಗೆ ಹೋದರೆ ಅಲ್ಲೂ ಅವರ ಶಾಲೆ, ಕಾಲೇಜು ಇವೆ. ದಲಿತರ ಕೇರಿಯ ಮಕ್ಕಳನ್ನು ಮೊದಲು ಸೇರಿಸಿಕೊಳ್ಳುವ ಶಾಲೆ ಅದು. ಯಾರ ಅಪ್ಪ ಅಮ್ಮ ಸುಗ್ಗಿಯಾದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತಾರೋ ಅವರ ಮಕ್ಕಳು. ಹೊಳೆಯಾಚೆ ಅಷ್ಟು ಹತ್ತಿರ ಇರೋದನ್ನು ಕಾಣದೆ, ಹೆಸರು ಕೇಳಿ ನಾವು ಬೆಚ್ಚಿ ಬೀಳೋದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ತಾಯಿಯ ಭಯವನ್ನು 'ಏನೂ ಆಗಲ್ಲ' ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಬಾರದು. ತಿಳಿದದ್ದನ್ನೆಲ್ಲ ಹೇಳಿದೆ.

ಇಗ್ನೇಷಿಯಸ್ ಅಂತ ಸ್ಪೇನಿನ ಒಬ್ಬ ಸಿಪಾಯಿ. 1521ರಲ್ಲಿ ಪಾಂಪ್ಲೋನಾ ಅನ್ನೋ ಊರಿನ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ಸಂತರ ಕತೆ ಓದಿ ಕತ್ತಿ ಬಿಟ್ಟ. ಅವನು ಮತ್ತವನ ಗೆಳೆಯರು ಕಟ್ಟಿಕೊಂಡ ಜೆಸ್ವಿಟ್ ಸಂಘಕ್ಕೆ 1540ರಲ್ಲಿ ಪೋಪ್ ಒಪ್ಪಿಗೆ ಕೊಟ್ಟ. 1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಹೊರಗಿನ ಮಕ್ಕಳಿಗೂ ಶಾಲೆ ತೆರೆದರು. ಅಲ್ಲಿಂದ ಮುಂದೆ ಎಲ್ಲಿ ಹೋದರೂ ಶಾಲೆ. ಟೋಕಿಯೊದಲ್ಲಿ ಸೋಫಿಯಾ, ಮನಿಲಾದಲ್ಲಿ ಅಟೆನೆಯೊ, ಅಮೆರಿಕದಲ್ಲಂತೂ ಇಪ್ಪತ್ತಕ್ಕೂ ಹೆಚ್ಚು. ಹುಡುಗಿಗೆ ಸೀಟು ಸಿಕ್ಕಿರೋ ಸೇಂಟ್ ಲೂಯಿಸ್ 1818ರಷ್ಟು ಹಳೆಯದು. ಮಿಸ್ಸಿಸ್ಸಿಪ್ಪಿ ಹೊಳೆಯ ದಂಡೆಯ ಊರು. ಹಿಂದೆ ಹುಟ್ಟಿದ ಕೆಲವೇ ದಿನದಲ್ಲಿ ಸಾಯುತ್ತಿದ್ದ ಎಷ್ಟೋ ಕೂಸುಗಳ ರಕ್ತಸ್ರಾವ ನಿಲ್ಲಿಸೋ ಕೆ ವಿಟಮಿನ್ ಇದೆಯಲ್ಲ, ಅದರ ಮೇಲಿನ ಕೆಲಸಕ್ಕೆ ಅಲ್ಲಿನ ಪ್ರಾಧ್ಯಾಪಕ ಎಡ್ವರ್ಡ್ ಡಾಯ್ಸಿಗೆ 1943ರ ನೊಬೆಲ್ ಬಂತು.

"ಪೂಜಿ ಗೀಜಿ ಮಾಡಂತಾರೇನ್ರಿ?"

ಮಾಡಂತ ಯಾರೂ ಹಿಡಿದು ಕೂರಿಸಲ್ಲ. ಪಿ.ಯು. ಮುಗಿಸಿ ನಾಲ್ಕು ವರ್ಷದ ಪದವಿಗೆ ಹೋಗೋರಿಗೆ ತತ್ತ್ವಶಾಸ್ತ್ರ, ಧರ್ಮಶಾಸ್ತ್ರದ ಪಾಠ ಇರುತ್ತವೆ. ಅವು ಓದೋ ವಿಷಯಗಳು, ದೀಕ್ಷೆಯಲ್ಲ. ಕಂಪ್ಯೂಟರಿನ ಎಂ.ಎಸ್.ಗೆ ಸಾಮಾನ್ಯವಾಗಿ ಅದೂ ಇರಲ್ಲ. ವಾಷಿಂಗ್ಟನ್‌ನ ಜಾರ್ಜ್‌ಟೌನ್ ಅಮೆರಿಕದ ಅತ್ಯಂತ ಹಳೆಯ ಜೆಸ್ವಿಟ್ ವಿಶ್ವವಿದ್ಯಾಲಯ, 1789ರದು. ಅಲ್ಲಿ 1999ರಲ್ಲೇ ಮುಸ್ಲಿಂ ಮಕ್ಕಳಿಗಂತ ಪೂರ್ಣಾವಧಿ ಇಮಾಮರನ್ನು ನೇಮಿಸಿದರು. 2016ರಲ್ಲಿ ಹಿಂದೂ ಮಕ್ಕಳಿಗಂತ ಒಬ್ಬ ಬ್ರಹ್ಮಚಾರಿಯನ್ನು ನೇಮಿಸಿದರು. ದೀಪಾವಳಿಯನ್ನು ವಿಶ್ವವಿದ್ಯಾಲಯವೇ ಮುಂದೆ ನಿಂತು ಮಾಡಿಸುತ್ತದೆ.

ಅಕ್ಕನ ಮುಖ ಸ್ವಲ್ಪ ತಿಳಿಯಾಯಿತು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಯಾಕೆಂದರೆ ಒಳ್ಳೆಯದನ್ನಷ್ಟೇ ಹೇಳಿ ಕಳಿಸಿದರೆ ಹುಡುಗಿ ಅಲ್ಲಿ ಹೋಗಿ ತಬ್ಬಿಬ್ಬಾಗುತ್ತಾಳೆ.

ಇದೇ ಜಾರ್ಜ್‌ಟೌನಿನ ಪಾದ್ರಿಗಳು 1838ರಲ್ಲಿ ತಮ್ಮ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದ 272 ಜನ ಕರಿಯರನ್ನು ಲೂಸಿಯಾನಾದ ಧಣಿಗಳಿಗೆ ಮಾರಿದರು. ಗಂಡಸರು, ಹೆಂಗಸರು, ಹಾಲು ಕುಡಿಯೋ ಕೂಸುಗಳು. ಆ ದುಡ್ಡಿನಲ್ಲಿ ಒಂದು ಪಾಲು ಕಾಲೇಜಿನ ಸಾಲಕ್ಕೆ ಹೋಯಿತು. "ದೇವರ ಹೆಸರು ಹೇಳೋರು ಮನುಷಾರ್ನ ಮಾರಿದ್ರೇನ್ರಿ?" ಅಂತ ಅಕ್ಕ ಎದೆ ಮೇಲೆ ಕೈ ಇಟ್ಟುಕೊಂಡಳು. ಹೌದು, ಮಾರಿದರು. ಅದನ್ನು ಮುಚ್ಚಿಡಲು ಬಿಡದವರು ಈಗಿನ ವಿದ್ಯಾರ್ಥಿಗಳು. 2015ರಲ್ಲಿ ಅವರು ಧರಣಿ ಕೂತರು, ಮಾರಾಟ ಮಾಡಿಸಿದ ಪಾದ್ರಿಯ ಹೆಸರನ್ನು ಕಟ್ಟಡದಿಂದ ತೆಗೆಸಿದರು. 2017ರಲ್ಲಿ ವಿಶ್ವವಿದ್ಯಾಲಯವೂ ಜೆಸ್ವಿಟರೂ ಆ ಜನರ ವಂಶದವರ ಎದುರು ಕ್ಷಮೆ ಕೇಳಿದರು. 2019ರಲ್ಲಿ ವಿದ್ಯಾರ್ಥಿಗಳು ಮತ ಹಾಕಿ, ಆ ವಂಶದವರಿಗಾಗಿ ಪ್ರತಿ ಸೆಮಿಸ್ಟರ್ 27 ಡಾಲರ್ 20 ಸೆಂಟ್ ನಾವೇ ಕೊಡುತ್ತೇವೆ ಅಂದರು. ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಹೌದು ಅಂದಿದ್ದರು.

ಸೇಂಟ್ ಲೂಯಿಸಿನ ಕತೆ ನನಗೆ ಇನ್ನೂ ಹತ್ತಿರದ್ದು. ಅದು ಇರೋದು ಹಿಂದೆ ಗುಲಾಮಗಿರಿ ನಡೆದ ರಾಜ್ಯದಲ್ಲಿ. 1944ರವರೆಗೆ ಆ ವಿಶ್ವವಿದ್ಯಾಲಯದಲ್ಲಿ ಕರಿಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಆ ವರ್ಷ ಫೆಬ್ರವರಿ 11ರಂದು ಕ್ಲಾಡ್ ಹೈಟ್‌ಹೌಸ್ ಅನ್ನೋ ಪಾದ್ರಿ, ಅಲ್ಲೇ ಪಾಠ ಹೇಳುತ್ತಿದ್ದವರು, ಕಾಲೇಜಿನ ಚರ್ಚಿನಲ್ಲಿ ಮಕ್ಕಳೆದುರು ನಿಂತು ಇದು ಅನ್ಯಾಯ ಅಂತ ನೇರವಾಗಿ ಹೇಳಿಬಿಟ್ಟರು. ಮೇಲಿನವರಿಗೆ ಸಿಟ್ಟು ಬಂತು, ಮುಂದೆ ಅವರನ್ನು ಆ ಊರಿನಿಂದಲೇ ಎತ್ತಂಗಡಿ ಮಾಡಿದರು. ಆದರೆ ಅದೇ ವರ್ಷದ ಬೇಸಿಗೆಯಲ್ಲಿ ಐವರು ಕರಿಯ ವಿದ್ಯಾರ್ಥಿಗಳು ಒಳಗೆ ಬಂದರು. ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟಿದ್ದ ಸೀಮೆಯಲ್ಲಿ ಬೆಳೆದ ನನಗೆ, ಹೈಟ್‌ಹೌಸ್ ಎದ್ದು ನಿಂತ ಆ ಬೆಳಗಿನ ಬೆಲೆ ಏನಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಹಂಗಾದ್ರೆ ಒಳ್ಳೇರೋ ಕೆಟ್ಟೋರೋ?"

"ಎರಡೂ ಇದ್ದಾರಕ್ಕಾ. ಒಂದು ಮಾತು ಮಾತ್ರ ಖರೇ. ವಿದ್ಯಾರ್ಥಿನ್ನ ಬರೀ ಮಾರ್ಕ್ಸಿಂದ ನೋಡಲ್ಲ, ಆರೋಗ್ಯ, ಮನಸ್ಸು, ನಡತಿ ಎಲ್ಲಾ ನೋಡ್ಕಂತೀವಿ ಅಂತ ಅವರೇ ಹೇಳ್ಕಂತಾರ. ಹೇಳಿದ್ದನ್ನ ಹಿಡಿದು ಕೇಳೋರು ಇದ್ದಾಗ ಅಲ್ಲಿ ನಡೀತದ. ನಿನ್ನ ಮಗಳು ಕೇಳೋದು ಕಲೀಬೇಕು."

ಇಷ್ಟಾದ ಮೇಲೆ ನಾನು ಹೇಳಬೇಕೆಂದಿದ್ದ ಮಾತಿಗೆ ಬಂದೆ. ಹೆದರಬೇಕಾದ್ದು ಪಾದ್ರಿಗಲ್ಲ, ಸಾಲಕ್ಕೆ.

ಫೀ, ಇರೋ ಮನೆ, ಊಟ, ಆರೋಗ್ಯ ವಿಮೆ ಎಲ್ಲ ಕೂಡಿ ಎರಡು ವರ್ಷಕ್ಕೆ 40 ಲಕ್ಷ ಅಂತ ಅವರ ಮನೆಯ ಲೆಕ್ಕ. ಅಕ್ಕನ ಗಂಡನಿಗೆ ದೇಶನೂರು ಕಾಲುವೆಯ ನೀರುಣ್ಣುವ ಗದ್ದೆ ಇದೆ. ವಿಜಯನಗರದ ಅರಸರ ಕಾಲದ ಕಾಲುವೆ ಅದು, ಐನೂರು ವರ್ಷದಿಂದ ಭತ್ತ ಬೆಳೆದ ಮಣ್ಣು. ಇವತ್ತು ಎಕರೆಗೆ ಏನು ರೇಟು ಅಂತ ಊರಿಗೆಲ್ಲ ಗೊತ್ತು. ಆದರೂ ಪಹಣಿ ಹಿಡಿದು ಬ್ಯಾಂಕಿಗೆ ಹೋದವನಿಗೆ ಮ್ಯಾನೇಜರು ಇದು ನಡೆಯಲ್ಲ, ಎನ್‌ಎ (ಕೃಷಿಯೇತರ) ಆದ ಸೈಟೋ ಮನೆಯೋ ಇದ್ದರೆ ತನ್ನಿ ಅಂದರಂತೆ. ಮನುಷ್ಯ ಅವಮಾನವಾದವನ ಹಾಗೆ ಮನೆಗೆ ಬಂದು ಉಣ್ಣದೆ ಮಲಗಿದ.

ಇದರಲ್ಲಿ ಅವಮಾನವೇನಿಲ್ಲ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿತೆಂದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತವೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಆಸ್ತಿ ವಶಕ್ಕೆ ತಗೊಳ್ಳೋ ಅಧಿಕಾರ ಅವಕ್ಕೆ 2002ರ ಸರ್ಫೇಸಿ ಕಾಯ್ದೆಯಿಂದ ಬಂದದ್ದು. ಆ ಕಾಯ್ದೆ ಕೃಷಿ ಭೂಮಿಯನ್ನು ಮುಟ್ಟುವಂತಿಲ್ಲ. ಮುಟ್ಟಲಾಗದ ಭೂಮಿಯನ್ನು ಅಡವು ಇಟ್ಟುಕೊಂಡು ಏನು ಮಾಡೋದು ಅನ್ನೋದು ಬ್ಯಾಂಕಿನ ಲೆಕ್ಕ. ರೈತನ ಗದ್ದೆ ರಾತ್ರೋರಾತ್ರಿ ಹರಾಜಾಗದಿರಲಿ ಅಂತ ಇಟ್ಟ ಕಟ್ಟು ಅದು. ನಾನಂತೂ ಅದನ್ನು ಬೈಯಲಾರೆ. ಆದರೆ ಅದರ ಫಲ ನೋಡಿ. ಬಳ್ಳಾರಿಯಲ್ಲಿ ಒಂದು ಸೈಟು ಇದ್ದವನ ಮಗನಿಗೆ ಕಡಿಮೆ ಬಡ್ಡಿಯ ಸರ್ಕಾರಿ ಬ್ಯಾಂಕಿನ ಸಾಲ. ಹತ್ತು ಎಕರೆ ನೀರಾವರಿ ಇದ್ದವನ ಮಗಳಿಗೆ ಅಡವು ಕೇಳದ ಖಾಸಗಿ ಕಂಪನಿಯ ಹೆಚ್ಚು ಬಡ್ಡಿಯ ಸಾಲ. ಅದೂ ಬೇಡವೆಂದರೆ ಗದ್ದೆ ಮಾರೋದು.

"ಎರಡೆಕರೆ ಮಾರಿದ್ರಾತು ಅಂತಾರ್ರಿ ನಮ್ಮ ಯಜಮಾನ್ರು."

"ಮಾರಬ್ಯಾಡ್ರಿ" ಅಂದೆ. ಗಟ್ಟಿಯಾಗಿಯೇ ಅಂದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಈ ಊರಿನ ಎಷ್ಟು ಮನೆಗಳಲ್ಲಿ ಒಲೆ ಹೊತ್ತಲಿಲ್ಲ ಅಂತ ನಮಗೆಲ್ಲ ನೆನಪಿದೆ. ಆಮೇಲೆ ಗೇಟು ಬದಲಿಸಬೇಕಂತ ಎರಡನೇ ಬೆಳೆಗೆ ನೀರಿಲ್ಲ ಅಂದರು. ಗದ್ದೆಯೂ ಕಮ್ಮಿಯಾಗಿ, ಒಂದೇ ಬೆಳೆಯಲ್ಲಿ ಸಂಸಾರ ನಡೆಸಿ ತಿಂಗಳ ಕಂತು ಕಟ್ಟೋದು ಹೇಗೆ? ಡಾಲರ್ ಸಂಬಳದ ಭರವಸೆಯ ಮೇಲೆ ತಾನೇ? ಆ ಭರವಸೆಯೂ ಈಗ ಅಲ್ಲಾಡುತ್ತಿದೆ. ಓದು ಮುಗಿದ ಮೇಲೆ 12 ತಿಂಗಳು ಅಲ್ಲಿ ಕೆಲಸ ಮಾಡಲು ಬಿಡುತ್ತಾರೆ. ವಿಜ್ಞಾನ, ಕಂಪ್ಯೂಟರಿನವರಿಗೆ ಇನ್ನೂ 24 ತಿಂಗಳು. ಅದರಾಚೆ ಎಚ್-1ಬಿ ವೀಸಾ ಬೇಕು. ಹೊರದೇಶದಿಂದ ಕರೆಸಿಕೊಳ್ಳೋ ನೌಕರನಿಗೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಆದೇಶ ಹೊರಡಿಸಿದರು. ಅದೇ ವರ್ಷ ಬೇಸಿಗೆಯಲ್ಲಿ ವಿದ್ಯಾರ್ಥಿ ವೀಸಾದ ಸಂದರ್ಶನಕ್ಕೆ ಹೊಸ ತಾರೀಕು ಕೊಡೋದನ್ನೇ ಕೆಲವು ವಾರ ನಿಲ್ಲಿಸಿದ್ದರು. ಮಕ್ಕಳನ್ನು ಅಲ್ಲಿಗೆ ಕಳಿಸೋ ಹೈದರಾಬಾದಿನ ಕನ್ಸಲ್ಟೆನ್ಸಿಯವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿ ಪಾರ್ಟ್‌ಟೈಂ ಮಾಡಿ ಫೀ ಕಟ್ಟಬಹುದು ಅನ್ನುತ್ತಾರೆ. ಕಾನೂನು ಬಿಡೋದು ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ. ಅದು ಊಟದ ಖರ್ಚಿಗಾದೀತು, ಫೀಗೆ ಮುಟ್ಟುವುದಿಲ್ಲ. ಹೊರಗೆ ಪೆಟ್ರೋಲ್ ಬಂಕಿನಲ್ಲಿ ಕದ್ದು ದುಡಿದು ಸಿಕ್ಕಿಬಿದ್ದರೆ ವೀಸಾವೇ ಹೋಗುತ್ತದೆ.

ನಡುವೆ ಒಂದು ಮಾತು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಇದೆ. ಕೇಂದ್ರದ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವಿಶ್ವವಿದ್ಯಾಲಯದ ಶ್ರೇಯಾಂಕದ ಷರತ್ತು ಹಾಕುತ್ತಾರೆ, ಆದರೂ ಅರ್ಜಿ ಹಾಕಲೇಬೇಕು. 1913ರಲ್ಲಿ ಅಂಬೇಡ್ಕರರು ಕೊಲಂಬಿಯಾಕ್ಕೆ ಹೋದದ್ದು ಬರೋಡ ಮಹಾರಾಜರ ವಿದ್ಯಾರ್ಥಿವೇತನದಿಂದ. ನಮ್ಮ ತಾಲೂಕಿನ ಎಷ್ಟು ಕೇರಿಗಳಿಗೆ ಈ ಸುದ್ದಿ ಮುಟ್ಟಿದೆ? ಹೈಸ್ಕೂಲಿನ ಗೋಡೆಯ ಮೇಲೆ ಬರೆಸಬೇಕಾದ ವಿಷಯ ಇದು.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನೀವು ಬ್ಯಾಡ ಅಂತೀರೇನು?" ಅಂದಳು.

ಬೇಡ ಅನ್ನಲ್ಲ. ಅವಳು ಹೋಗಲಿ ಅಂತಲೇ ನನ್ನ ಆಸೆ. ಎತ್ತಿನ ಬಂಡಿಗೆ ಹೇರುವಾಗ ಕೀಲು ತಡೆಯುವಷ್ಟೇ ಹೇರುತ್ತೀವಲ್ಲ, ಸಾಲವೂ ಹಾಗೆ. ಆ ಹುಡುಗಿಗೆ ಅಲ್ಲಿ ಕೆಲಸ ಸಿಗದೆ ಬೆಂಗಳೂರಿಗೆ ವಾಪಸ್ ಬಂದು ಬೆಂಗಳೂರಿನ ಸಂಬಳದಲ್ಲೇ ದುಡಿದರೂ ತೀರುವಷ್ಟು ಸಾಲ ಮಾಡಲಿ. ಅದಕ್ಕಿಂತ ಹೆಚ್ಚಾಗುವುದಾದರೆ ಇನ್ನೊಂದು ವರ್ಷ ಕಾದು, ಸ್ಕಾಲರ್‌ಶಿಪ್ ಕೊಡೋ ಕಡೆ ಅರ್ಜಿ ಹಾಕಲಿ. ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ ಅಸಲಿಗೆ ಬಡ್ಡಿ ಕೂಡಿ ಬೆಳೆಯೋದು ತಪ್ಪುತ್ತದೆ.

ಒಂಟಿತನದ ಮಾತು ಅಕ್ಕನೇ ತೆಗೆದಳು. ಅಲ್ಲಿ ಯಾರನ್ನು ಮಾತಾಡಿಸ್ತಾಳೆ ಅಂತ. ನಮ್ಮಲ್ಲಿ ಬೆಳಗ್ಗೆ ಏಳು ಗಂಟೆ ಅಂದರೆ ಅಲ್ಲಿ ಹಿಂದಿನ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ದಿನಾ ಫೋನು ಮಾಡಲು ಒಳ್ಳೆ ಹೊತ್ತು. ಆದರೆ ಅಮ್ಮನಿಗೆ ಹೇಳಲಾಗದ ದಿನಗಳೂ ಬರುತ್ತವೆ. ಜ್ವರ ಬಂದು ಎರಡು ವಾರ ಕ್ಲಾಸು ತಪ್ಪುತ್ತದೆ, ಮನೆಯ ದುಡ್ಡು ತಡವಾಗಿ ಫೀ ತಾರೀಕು ದಾಟುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಒಂದು ಕೆಟ್ಟ ರೂಢಿ. ಕಷ್ಟ ಬಂದಾಗ ಆಫೀಸಿನ ಬಾಗಿಲು ತಟ್ಟಲು ನಾಚಿಕೊಂಡು ರೂಮಿನಲ್ಲಿ ಮುದುರಿ ಕೂರುತ್ತಾರೆ. ದೊಡ್ಡವರನ್ನು ಪ್ರಶ್ನೆ ಕೇಳಬಾರದು ಅಂತ ಕಲಿಸಿದವರು ನಾವೇ, ಮನೆಯಲ್ಲೂ ಶಾಲೆಯಲ್ಲೂ. ಇಡೀ ಮನುಷ್ಯನನ್ನು ನೋಡಿಕೊಳ್ಳುತ್ತೇವೆ ಅನ್ನೋ ಕಡೆ ಹೋಗುವಾಗ, ನೋಡಿಕೊಳ್ಳಿ ಅಂತ ಕೇಳೋ ಬಾಯಿಯೂ ಜೊತೆಗಿರಬೇಕು.

ಅಷ್ಟರಲ್ಲಿ ಹುಡುಗಿಯೇ ಹೊರಗೆ ಬಂದಳು. "ಸಾರ್, ಎಲ್ಲಾ ಕೇಳಿಸ್ಕಂಡೆ. ಏನ್ ಮಾಡ್ಲಿ ಹೇಳ್ರಿ" ಅಂದಳು.

"ಇವತ್ತೇ ಅವರ ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಮೇಲ್ ಹಾಕಮ್ಮ. ಎರಡನೇ ವರ್ಷ ಫೀ ಎಷ್ಟು ಏರ್ತದ ಕೇಳು. ದುಡ್ಡು ತಡ ಆದ್ರೆ ಕಂತಿನಾಗ ಕಟ್ಟಕ್ಕೆ ಬಿಡ್ತೀರೇನು ಕೇಳು. ಹೋದ ವರ್ಷ ನಿನ್ನ ಕೋರ್ಸು ಮುಗಿಸಿದೋರಿಗೆ ಎಷ್ಟು ಮಂದಿಗೆ ಕೆಲಸ ಸಿಕ್ತು ಅಂತ ಕೇಳು. ಕಾಯಿಲೆ ಬಿದ್ರೆ ಯಾರನ್ನ ಕಾಣಬೇಕು, ಅವರ ಹೆಸರು ಏನಂತ ಕೇಳು. ಮುಚ್ಚುಮರೆ ಇಲ್ದೆ ಕೇಳು."

"ಸಿಟ್ಟಾಗಲ್ಲೇನ್ರಿ?"

"ಸಿಟ್ಟಾದ್ರೆ ಈಗ್ಲೇ ಆಗ್ಲಿ. ಯಕ್ಕಾ, ಆ ಉತ್ತರ ಬರೋತನಕ ಸಾಲದ ಕಾಗದಕ್ಕೆ ಯಜಮಾನ್ರ ಕೈಲಿ ಸೈನ್ ಹಾಕಿಸಬ್ಯಾಡ."