ರೆಸ್ಕ್ಯೂ ರಾಯರು

ರೆಸ್ಕ್ಯೂ ರಾಯರಿಗೆ ಗಾಯಗೊಂಡ ನಾಯಿ ಸಿಗುವುದು ಭಾನುವಾರವೇ. ಮಿಕ್ಕ ದಿನ ನಾಯಿಗಳಿಗೆ ಏಟು ಬೀಳುವುದಿಲ್ಲವೆಂದಲ್ಲ. ಆಗ ರಾಯರು ಆಫೀಸಿನಲ್ಲಿರುತ್ತಾರೆ. ಶನಿವಾರ ರಾತ್ರಿಯೇ ಬೂಟು, ಬೆನ್ನಚೀಲ, ನೀರಿನ ಬಾಟಲಿ ಜೋಡಿಸಿಟ್ಟುಕೊಂಡು, ಬೆಳಗಿನ ಜಾವ ಬೆಂಗಳೂರಿನಿಂದ ಮಾಗಡಿ ರಸ್ತೆ ಹಿಡಿದು ಹುತ್ರಿದುರ್ಗದ ಬುಡಕ್ಕೆ ಬಂದಿಳಿಯುವ ಹೊತ್ತಿಗೆ ನಾಯಿಯೂ ತಯಾರಾಗಿರುತ್ತದೆ, ಡಾಕ್ಟರು ಮಾತ್ರ ರಜೆಯಲ್ಲಿರುತ್ತಾರೆ.

ರಾಯರು ಎಂದೆನಾದರೂ ಇದು ಒಬ್ಬರ ಹೆಸರಲ್ಲ. ವಯಸ್ಸು ಮೂವತ್ತರಿಂದ ಐವತ್ತರ ಒಳಗೆ, ಕೆಲಸ ಕಂಪ್ಯೂಟರಿನದು, ವಾಸ ಬಾಡಿಗೆ ಫ್ಲ್ಯಾಟು. ಎಷ್ಟೋ ರಾಯರು ಹೆಂಗಸರೂ ಹೌದು. ಟೀ ಶರ್ಟಿನ ಮೇಲೊಂದು ಪಂಜದ ಗುರುತು. ‘777 ಚಾರ್ಲಿ’ಯನ್ನು 2022ರಲ್ಲಿ ಥಿಯೇಟರಿನಲ್ಲೊಮ್ಮೆ, ಆಮೇಲೆ ಮನೆಯಲ್ಲಿ ಆಗಾಗ ನೋಡಿ ಅತ್ತವರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಆ ಸಿನಿಮಾ ನೋಡಿ ಕಣ್ಣೊರೆಸಿಕೊಂಡಿದ್ದರಲ್ಲ, ಹಾಗಾಗಿ ಅಳುವುದಕ್ಕೆ ಸರ್ಕಾರದ ಮಂಜೂರಾತಿ ಇದೆ ಎಂದೇ ರಾಯರ ಭಾವನೆ.

ನನಗೆ ಅವರ ಪರಿಚಯವಾದದ್ದು ಫೋನಿನಿಂದ. ಯಾವುದೋ ಮದುವೆ ಮನೆಯಲ್ಲಿ ನಾನು ಕುಣಿಗಲ್ಲಿನವನೆಂದು ಬಾಯಿ ಬಿಟ್ಟಿದ್ದೆ. ಅಂದಿನಿಂದ ಅವರ ಮೊಬೈಲಿನಲ್ಲಿ ನನ್ನ ಹೆಸರು ‘ಕುಣಿಗಲ್ ಲೋಕಲ್’. ತಾಲ್ಲೂಕಿನ ಯಾವ ಮೂಲೆಯಲ್ಲಿ ಯಾವ ನಾಯಿ ಕುಂಟಿದರೂ ಅದಕ್ಕೆ ನಾನು ಉತ್ತರ ಹೇಳಬೇಕು.

ಹುತ್ರಿದುರ್ಗದ ನಾಯಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಂಪೇಗೌಡರ ನವದುರ್ಗಗಳಲ್ಲಿ ಒಂದಾದ ಈ ಬೆಟ್ಟ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರ. ಚಾರಣಿಗರು ಬಂದರೆ ಊರ ನಾಯಿಗಳು ತಾವಾಗಿಯೇ ಮುಂದೆ ಬಿದ್ದು, ಕೋಟೆಯ ಒಂದೊಂದೇ ಬಾಗಿಲು ದಾಟಿಸಿ, ತುದಿಯ ಶಂಕರೇಶ್ವರನ ಗುಡಿವರೆಗೂ ಕರೆದೊಯ್ಯುತ್ತವೆ. ಕೂಲಿ ಬಿಸ್ಕತ್ತು. ಏದುಸಿರು ಬಿಡುತ್ತ ಕೂತವರನ್ನು ಅವು ನೋಡುವ ನೋಟದಲ್ಲಿ ಅಸಡ್ಡೆಯೂ ಸ್ವಲ್ಪ ಇರುತ್ತದೆ. ಮೇಲೆ ತಲುಪಿದ ರಾಯರು ಜೊತೆಯವರಿಗೆ ಕೆಂಪೇಗೌಡರ ಕಥೆ ಹೇಳುತ್ತಾರೆ: ಮೊಲವೊಂದು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತಂತೆ, ಅದನ್ನು ಕಂಡು ಇದು ಗಂಡುಮೆಟ್ಟಿದ ನೆಲವೆಂದು ಗೌಡರು ಅಲ್ಲೇ ಬೆಂಗಳೂರು ಕಟ್ಟಿದರಂತೆ. ಎಲ್ಲರೂ ಮೊಲವನ್ನು ಹೊಗಳುವಾಗ ರಾಯರು ಮಾತ್ರ ‘ಆ ನಾಯಿಗೆ ಏನಾಯಿತೋ? ಅದರ ಮನಸ್ಸಿಗೆ ಎಷ್ಟು ನೋವಾಗಿರಬೇಕು?’ ಎನ್ನುತ್ತಾರೆ. ಬೆಂಗಳೂರು ನಾಯಿಗಳಿಗೆ ತೀರಿಸಬೇಕಾದ ಸಾಲ ಹುಟ್ಟಿನಿಂದಲೇ ಇದೆ ಎಂಬುದು ಅವರ ವಾದ.

ಆ ಭಾನುವಾರ ಏಟು ತಿಂದದ್ದು ಇಂಥ ದಾರಿ ತೋರಿಸುವ ನಾಯಿಗಳಲ್ಲೇ ಒಂದು, ಕೆಂದು ಬಣ್ಣದ ಗಂಡು. ಯಾರೋ ಚಾರಣಿಗರ ಕಾರು ಹಿಂದಕ್ಕೆ ಬರುವಾಗ ಹಿಂಗಾಲಿನ ಮೇಲೆ ಹತ್ತಿತ್ತು. ಕಾರು ಹೋಯಿತು. ನಾಯಿ ಲಂಟಾನ ಪೊದೆಯೊಳಕ್ಕೆ ತೆವಳಿಕೊಂಡು ಹೋಗಿ, ಹತ್ತಿರ ಬಂದವರಿಗೆಲ್ಲ ಹಲ್ಲು ತೋರಿಸುತ್ತಿತ್ತು.

ರಾಯರು ಪ್ರಥಮ ಚಿಕಿತ್ಸೆಗೆ ಮೊದಲು ಜೇಬಿನಿಂದ ತೆಗೆದದ್ದು ಫೋನು. ಒಂದು ವಿಡಿಯೊ, ಒಂದು ಲೊಕೇಶನ್, ‘ತುರ್ತು, ದಯವಿಟ್ಟು ಹಂಚಿ’. ಆಮೇಲೆ ಸರ್ಕಾರದ ಪಶು ಸಂಜೀವಿನಿಯ 1962ಕ್ಕೆ ಒಂದು ಕರೆ; ರೈತರ ಮನೆಬಾಗಿಲಿಗೆ ಹೋಗುವ ಆ ಗಾಡಿ ಅಷ್ಟೊತ್ತಿಗೆ ಯಾವುದೋ ಊರಿನಲ್ಲಿ ಹಸುವಿಗೆ ಕರು ಹಾಕಿಸುತ್ತಿತ್ತು. ಮುಂದಿನದು ಬೆಂಗಳೂರಿನ ವಾಟ್ಸಾಪ್ ಗುಂಪುಗಳು. ಅಲ್ಲಿಂದ ನಮಸ್ಕಾರದ ಕೈ, ಒಡೆದ ಹೃದಯ, ‘ಛೆ, ಮನುಷ್ಯರೇ ಇಲ್ಲವೇ’ ಎಂಬ ಉದ್ಗಾರ ಇವೆಲ್ಲ ಬಂದವು; ಮನುಷ್ಯರು ಬರಲಿಲ್ಲ. ಕೊನೆಗೆ ನನಗೆ ಫೋನು.

ನಾನು ಹೋಗಿ ನೋಡುವಾಗ ರಾಯರು ಪೊದೆಯ ಮುಂದೆ ಮಂಡಿಯೂರಿ, ಪಾರ್ಲೆ-ಜಿ ಮುಂದೆ ಹಿಡಿದು, ‘ಇಟ್ಸ್ ಓಕೆ ಬೇಬಿ, ಇಟ್ಸ್ ಓಕೆ’ ಎಂದು ಎಳೆಮಕ್ಕಳ ದನಿಯಲ್ಲಿ ಜಪಿಸುತ್ತಿದ್ದರು. ಹುಟ್ಟಿದಾಗಿನಿಂದ ‘ಹಚ್ಚಾ’ ಬಿಟ್ಟು ಬೇರೆ ಮಾತು ಕೇಳದ ಪ್ರಾಣಿಗೆ ಭಯ ಹೆಚ್ಚುತ್ತಿತ್ತು. 1791ರ ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದ ಕೆಲವೇ ದಿನಕ್ಕೆ ಈ ಹುತ್ರಿದುರ್ಗವೂ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಯ ಕೈಸೇರಿತ್ತು. ಈ ನಾಯಿ ಮಾತ್ರ ಅಷ್ಟು ಸಲೀಸಾಗಿ ಕೈಗೆ ಸಿಗಲಿಲ್ಲ.

ಬೆಟ್ಟದ ಬುಡದಲ್ಲಿ ಟೀ, ಬೇಯಿಸಿದ ಕಳ್ಳೇಕಾಯಿ ಮಾರುವ ಅಜ್ಜಿಯೊಬ್ಬರಿದ್ದಾರೆ. ಅವರು ಅಲ್ಲಿಯವರೆಗೂ ಸೌತೆಕಾಯಿ ಹೆಚ್ಚುತ್ತ ನೋಡುತ್ತಿದ್ದರು.

‘ಏನ್ ಸಾಮಿ, ಅದ್ಕೆ ಇಂಗ್ಲೀಸ್ ಬತ್ತದಾ?’

ಅಷ್ಟು ಕೇಳಿ ಎದ್ದು ಬಂದವರ ಕೈಯಲ್ಲಿ ಗೋಣಿಚೀಲವಿತ್ತು. ‘ಕುರ್ರೋ ಕುರ್ರೋ’ ಎನ್ನುತ್ತ ಪಕ್ಕದಿಂದ ಹೋಗಿ, ಚೀಲವನ್ನು ತಲೆಯ ಮೇಲೆ ಹೊದಿಸಿ, ಮೊಣಕಾಲಲ್ಲಿ ಮೆಲ್ಲಗೆ ಅದುಮಿ, ಹಳೇ ಸೀರೆಯ ಅಂಚನ್ನು ಮೂತಿಗೆ ಎರಡು ಸುತ್ತು ಸುತ್ತಿ ಕಿವಿಯ ಹಿಂದೆ ಗಂಟು ಹಾಕಿದರು. ಇಷ್ಟಕ್ಕೆ ಹಿಡಿದದ್ದು ಒಂದು ಟೀ ಆರುವಷ್ಟು ಹೊತ್ತು. ರಾಯರು ಸಂತೋಷ ತಡೆಯಲಾರದೆ ನಾಯಿಯನ್ನು ತಬ್ಬಲು ಬಗ್ಗಿದರು. ಗಂಟು ಬಿಗಿಯಾಗುವ ಮೊದಲೇ ಬಗ್ಗಿದ್ದರಿಂದ ಹೆಬ್ಬೆರಳಿಗೆ ಒಂದು ಹಲ್ಲು ತಾಗಿತು.

ಇಲ್ಲಿಂದ ಮುಂದೆ ರಾಯರ ಬಗ್ಗೆ ನನಗೆ ಗೌರವ ಬಂತೆಂದು ಹೇಳಬೇಕು. ಸುತ್ತ ಸೇರಿದವರು ಸುಣ್ಣ ಹಚ್ಚಿ ಎಂದರು, ಖಾರದ ಪುಡಿ ಮೆತ್ತಿ ಎಂದರು. ರಾಯರು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಅಜ್ಜಿಯ ಅಂಗಡಿಯ ಬಟ್ಟೆ ಸೋಪು ತೆಗೆದುಕೊಂಡು ನಲ್ಲಿಯ ಕೆಳಗೆ ಕೈ ಹಿಡಿದು, ಗಡಿಯಾರ ನೋಡುತ್ತ ಪೂರ್ತಿ ಹದಿನೈದು ನಿಮಿಷ ತೊಳೆದರು. ರೇಬೀಸಿಗೆ ಮೊದಲ ಮದ್ದೇ ಅದು. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಅಂದೇ ಒಂದು ಸೂಜಿ. ಮುಂದೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನಕ್ಕೆ ಉಳಿದವು. ಅಷ್ಟಕ್ಕೇ ಬಿಡದೆ, ನಾಯಿಯ ಜೊಲ್ಲು ಅಜ್ಜಿಯ ಗೀರಿದ ಕೈಗೂ ತಾಗಿದೆ ಎಂದು ಅವರನ್ನೂ ಹೊರಡಿಸಿದರು.

‘ವಕ್ಕಳ ಸುತ್ತ ಅದಿನಾಕು ಚುಚ್ತಾರಂತೆ, ನಾನೊಲ್ಲೆ ಕಣಪ್ಪ’ ಎಂದು ಅಜ್ಜಿ ಕಂಬ ಹಿಡಿದುಕೊಂಡರು. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೇ ಲಸಿಕೆಯನ್ನು ನಮ್ಮ ದೇಶ ಕೈಬಿಟ್ಟು ಎರಡು ದಶಕಗಳಾದರೂ ಹಳ್ಳಿಯಲ್ಲಿ ಅದರ ಭಯ ಹಾಗೇ ಇದೆ. ನಾಯಿಗೆ ಹೆದರದವರು ಸೂಜಿಗೆ ಹೆದರಿದ್ದನ್ನು ಕಂಡು ರಾಯರು ‘ತೋಳಿಗೆ ಮಾತ್ರ ಅಜ್ಜಿ, ತೋಳಿಗೆ ಮಾತ್ರ’ ಎಂದು ಅಂಗಲಾಚಿ ಕರೆದುಕೊಂಡು ಹೋದರು.

ಲಗೇಜ್ ಆಟೋದಲ್ಲಿ ಕುಕ್ಕೆಯೊಳಗೆ ಮಲಗಿದ ನಾಯಿ ಪಶು ಆಸ್ಪತ್ರೆ ಸೇರಿತು. ಊಟಕ್ಕೆ ಕೂತಿದ್ದ ಡಾಕ್ಟರು ಕೈತೊಳೆದು ಬರುವವರೆಗೆ ಕಾಯಬೇಕಿತ್ತು. ಹೊಟ್ಟೆ ಉಬ್ಬರಿಸಿದ ಮೇಕೆ ತಂದಿದ್ದ ರೈತರೊಬ್ಬರು ಕುಕ್ಕೆಯೊಳಗೆ ಬಗ್ಗಿ, ‘ಇದು ಜಾತಿ ನಾಯಿ ಅಲ್ಲವಲ್ಲ ಸಾಮಿ?’ ಎಂದದ್ದೇ ತಡ, ರಾಯರಿಗೆ ಭಾಷಣಕ್ಕೆ ಪೀಠ ಸಿಕ್ಕಿತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರಲ್ಲಿ ಮೊದಲ ಸಲದ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ ಎಂದು ಅವರೇ ಹೇಳಿ, ಅವರೇ ಸಿಟ್ಟಾದರು; ಬೆಂಗಳೂರಿನಲ್ಲಿ ಕಾರು ನಿಲ್ಲಿಸಲೂ ಅಷ್ಟು ಸಾಲದು. ಬಳಿಕ ಆತಕೂರಿನ ಶಾಸನ. ಮಂಡ್ಯ ಜಿಲ್ಲೆಯ ಆ ಊರಲ್ಲಿ ಹತ್ತನೆಯ ಶತಮಾನದಲ್ಲಿ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಅದರ ಒಡೆಯ ಮಣಲೇರ ಕಲ್ಲು ನಿಲ್ಲಿಸಿದ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಸುತ್ತಿಕೊಳ್ಳಲಿ ಎಂದೂ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ರೈತರು ಗಂಭೀರವಾಗಿ ಕೇಳಿಸಿಕೊಂಡು, ‘ನಾಯಿ ಅಂತಾ ಪಾಪ ಏನ್ ಮಾಡಿರ್ತದೆ?’ ಎಂದರು. ರಾಯರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಧರ್ಮರಾಯನಿಗೆ ಜಿಗಿದರು: ತಮ್ಮಂದಿರು ಬಿದ್ದರೂ ಹೆಂಡತಿ ಬಿದ್ದರೂ ಜೊತೆ ಬಿಡದಿದ್ದದ್ದು ನಾಯಿ, ಅದಿಲ್ಲದ ಸ್ವರ್ಗವೇ ಬೇಡ ಎಂದ ಮಹಾನುಭಾವ!

‘ಔದು. ಆದ್ರೆ ಆ ನಾಯಿ ಕೊನೇಗ್ ಯಮಧರ್ಮ ಆಯ್ತಲ್ಲ. ಬೆರಳು ಬೇರೆ ಕಚ್ಚೈತೆ, ಉಷಾರು’ ಎಂದು ರೈತರು ಮೇಕೆ ಎಳೆದುಕೊಂಡು ಒಳಗೆ ಹೋದರು.

ಮೂಳೆ ಪುಡಿಯಾಗಿತ್ತು, ಕಾಲು ಉಳಿಯುವುದಿಲ್ಲ ಎಂದರು ಡಾಕ್ಟರು. ನೋವಿಗೆ ಇಂಜೆಕ್ಷನ್ ಕೊಟ್ಟು, ದಬ್ಬೆ ಕಟ್ಟಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಲು ಹೇಳಿದರು. ‘ನಾಯಿಯ ಭಾರದಲ್ಲಿ ಹೆಚ್ಚು ಪಾಲು ಮುಂಗಾಲಿನ ಮೇಲೆ. ಹಿಂದಿನದೊಂದು ಹೋದರೆ ಓಟಕ್ಕೇನೂ ತೊಂದರೆಯಿಲ್ಲ, ನೀವು ಅಳಬೇಡಿ’ ಎಂದು ರಾಯರಿಗೆ ಸಮಾಧಾನವನ್ನೂ ಹೇಳಿದರು.

ರಾಯರು ತಮ್ಮ ಹೊಸ ಕಾರಿನ ಹಿಂದಿನ ಸೀಟಿನಲ್ಲೇ ಅದನ್ನು ಮಲಗಿಸಿಕೊಂಡು ಹೋದರು. ನೆಲಮಂಗಲ ದಾಟುವಷ್ಟರಲ್ಲಿ ಆ ಸೀಟಿನ ಗತಿ ಏನಾಗಿತ್ತೆಂಬುದನ್ನು ನಾನು ಬರೆಯುವುದಿಲ್ಲ. ಸೋಮವಾರ ರಜೆ ಹಾಕಿ ಆಪರೇಷನ್ ಮುಗಿಯುವವರೆಗೂ ಬಾಗಿಲಲ್ಲಿ ನಿಂತಿದ್ದರಂತೆ. ವಿಚಿತ್ರವೆಂದರೆ, ನಾಯಿಯ ಪ್ರತಿ ಆಕಳಿಕೆಯನ್ನೂ ಊರಿಗೆ ಹಂಚಿದ ರಾಯರು ಸೀಟಿನ ಸುದ್ದಿಯನ್ನಾಗಲಿ ಸಂಬಳ ಕಡಿತದ ಸುದ್ದಿಯನ್ನಾಗಲಿ ಎಲ್ಲೂ ಹಾಕಲಿಲ್ಲ. ನನಗೆ ತಿಳಿದದ್ದು ಅವರ ಹೆಂಡತಿಯಿಂದ, ಅದೂ ಬೈಗುಳದ ನಡುವೆ.

ನಾಯಿ ಚೇತರಿಸಿಕೊಂಡ ಮೇಲೆ ಸಾಕುವವರು ಯಾರು? ರಾಯರೇ ಸಾಕಬಹುದಲ್ಲ ಎಂದು ಕೇಳುವವರಿಗೆ ರಾಯರ ಪರಿಚಯವಿಲ್ಲ. ಮನೆ ಮಾಲೀಕರು ಒಪ್ಪುವುದಿಲ್ಲ. ಬಾಡಿಗೆಯವರು ನಾಯಿ ಸಾಕುವುದನ್ನು ಅಪಾರ್ಟ್‌ಮೆಂಟಿನ ಸಂಘ ತಡೆಯುವಂತಿಲ್ಲ ಎಂಬ ನಿಯಮ ಅವರಿಗೆ ಬಾಯಿಪಾಠ, ಆದರೆ ಅದು ಬೇರೆಯವರ ಪರ ವಾದ ಮಾಡುವಾಗ. ಆದ್ದರಿಂದ ಜಾಹೀರಾತು: ‘ಹೆಸರು ಬ್ರೂನೊ. ಶಾಂತ ಸ್ವಭಾವ. ಇತಿಹಾಸ, ಚಾರಣದಲ್ಲಿ ಆಸಕ್ತಿ.’ ಹೆಬ್ಬೆರಳಿನ ವಿಷಯ ಬಿಟ್ಟಿದ್ದರು.

ಮುಂದೆ ಬಂದ ಕೆಲವರನ್ನು ರಾಯರೇ ಓಡಿಸಿದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿನ ಸೋದರಮಾವ ಹಾಕುವ ಪ್ರಶ್ನೆಗಳೂ ಇಷ್ಟು ಖಾರವಾಗಿರುವುದಿಲ್ಲ. ಮನೆ ಸ್ವಂತದ್ದೋ? ಬಾಲ್ಕನಿಗೆ ಜಾಲರಿ ಇದೆಯೋ? ಮದುವೆಯಾಗಿದೆಯೋ? ಮಗು ಹುಟ್ಟಿದರೆ ನಾಯಿಯನ್ನೇನು ಮಾಡುತ್ತೀರಿ? ವಿದೇಶಕ್ಕೆ ಹೋದರೆ? ಒಬ್ಬ ಹುಡುಗ ‘ಸಾರ್, ನಮ್ಮ ಅತ್ತೆಯೂ ಇಷ್ಟು ಕೇಳಲಿಲ್ಲ’ ಎಂದು ಫೋನು ಇಟ್ಟನಂತೆ.

ಕೊನೆಗೆ ‘ಎಲ್ಲಿಂದ ತಂದ್ರೋ ಅಲ್ಲೇ ತಂದ್ ಬುಡಪ್ಪ, ನಾನ್ ನೋಡ್ಕತೀನಿ’ ಎಂದದ್ದು ಅಜ್ಜಿಯೇ. ರಾಯರು ಕರಗಿದರು, ನಿಯಮ ಮಾತ್ರ ಸಡಿಲಿಸಲಿಲ್ಲ. ಮೊಮ್ಮಗನ ಫೋನಿನಲ್ಲಿ ವಿಡಿಯೊ ಕರೆ ಹಚ್ಚಿ ಅಜ್ಜಿಯ ಸಂದರ್ಶನ ನಡೆಸಿದರು.

‘ಅಜ್ಜಿ, ನಾಯಿಗೆ ಓಡಾಡಲು ನಿಮ್ಮಲ್ಲಿ ಜಾಗ ಎಷ್ಟಿದೆ?’

ಅಜ್ಜಿ ಫೋನನ್ನು ಬೆಟ್ಟದ ಕಡೆ ತಿರುಗಿಸಿದರು. ‘ಅಗೋ, ದುರ್ಗ ಕಾಣ್ತದಲ್ಲ. ಅದೆಲ್ಲ ಅದುರ್ದೇ.’

‘ಕಾಂಪೌಂಡು?’

‘ಕೆಂಪೇಗೌಡ್ರು ಕಟ್ಸವ್ರೆ.’

ಹೀಗೆ ನಾಯಿ ಊರಿಗೆ ಮರಳಿತು. ಸಂತಾನಹರಣವೂ ಆಗಿತ್ತು, ಅದರ ಗುರುತಿಗೆ ಕಿವಿಯ ತುದಿಯಲ್ಲೊಂದು ಕತ್ತರಿ. ‘ಕಾಲ್ ಹೋಗಿದ್ದು ಸರಿ, ಕಿವಿ ಯಾರ್ ಕಡ್ದವ್ರು?’ ಎಂದು ಅಜ್ಜಿ ಜಗಳಕ್ಕೆ ನಿಂತರು. ಹೆಸರು ಬ್ರೂನೊ ಎಂದು ರಾಯರು ಪರಿಚಯಿಸಿದರು. ‘ಕೆಂಚ, ಬಾರ್ಲಾ’ ಎಂದು ಅಜ್ಜಿ ಕರೆದರು. ಬಾಲ ಎರಡನೆಯದಕ್ಕೆ ಆಡಿತು. ಆಪರೇಷನ್ನಿಗೆಂದು ವಾಟ್ಸಾಪ್ ಗುಂಪುಗಳಲ್ಲಿ ಎತ್ತಿದ್ದ ಚಂದಾ ಹಣದಲ್ಲಿ ಉಳಿದದ್ದಕ್ಕೆ ರಾಯರು ಮೆತ್ತನೆಯ ದುಂಡು ಹಾಸಿಗೆಯೊಂದನ್ನು ತಂದಿದ್ದರು. ಕೆಂಚ ಅದನ್ನು ಮೂಸಿ, ಸುತ್ತು ಬಂದು, ಆರಿದ ಒಲೆಯ ಬೂದಿಯಲ್ಲಿ ಮಲಗಿತು. ಹಾಸಿಗೆಯಲ್ಲಿ ಈಗ ನಾಟಿ ಕೋಳಿಯೊಂದು ಮೊಟ್ಟೆಗೆ ಕೂತಿದೆ.

ಆಹಾರದ ಪಟ್ಟಿಯೂ ಬಂದಿತ್ತು. ಹಾಲು ಬೇಡ, ಈರುಳ್ಳಿ ಬೇಡ, ಬೇಯಿಸಿದ ಕೋಳಿ ಮೂಳೆ ಬೇಡ, ಚಾಕೊಲೇಟ್ ಬೇಡವೇ ಬೇಡ. ತಪ್ಪೇನಿಲ್ಲ, ಪಟ್ಟಿ ಸರಿಯಾಗಿಯೇ ಇದೆ. ಚಾಕೊಲೇಟಿನ ಬಗ್ಗೆ ಅಜ್ಜಿ ತಕ್ಷಣ ಮಾತು ಕೊಟ್ಟರು. ಮಿಕ್ಕದ್ದಕ್ಕೆ ಮುದ್ದೆ.

2025ರ ಆಗಸ್ಟಿನಲ್ಲಿ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಿ ಎಂದು ಸುಪ್ರೀಂ ಕೋರ್ಟು 11ನೆಯ ತಾರೀಕು ಹೇಳಿ, 22ಕ್ಕೆ ಅದನ್ನು ಬದಲಿಸುವವರೆಗೂ ರಾಯರು ಸರಿಯಾಗಿ ಉಣ್ಣಲಿಲ್ಲ. ದಿನವೂ ಫೋನು: ‘ಬ್ರೂನೊ ಹುಷಾರಾಗಿದ್ದಾನೆಯೇ? ಹೊರಗೆ ಬಿಡಬೇಡಿ!’ ಬ್ರೂನೊ ಆಗ ಗುಡಿಯ ಮುಂದೆ ಯಾರದೋ ಚಿತ್ರಾನ್ನ ಕಾಯುತ್ತಿದ್ದ.

ಒಪ್ಪಂದದಂತೆ ಅಜ್ಜಿ ತಿಂಗಳಿಗೊಂದು ಫೋಟೊ ಕಳಿಸಬೇಕು. ಮೊಮ್ಮಗ ಕಳಿಸುತ್ತಾನೆ. ಮೊನ್ನೆ ಬಂದ ಫೋಟೊವನ್ನು ರಾಯರು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿ, ರಾತ್ರಿ ಹತ್ತು ಗಂಟೆ ಮೇಲೆ ನನಗೆ ಫೋನು ಹಚ್ಚಿದರು.

‘ಹನ್ನೊಂದು ಕಾಲು ಕಾಣುತ್ತಿವೆ ಸಾರ್!’

ಬೆಳಗ್ಗೆ ಹೋಗಿ ವಿಚಾರಿಸಿದೆ. ಕೆಂಚನ ಹಿಂದೆಯೇ ಇನ್ನೆರಡು ಬಂದು ಸೇರಿಕೊಂಡಿದ್ದವು. ‘ಒಂದುಕ್ಕ್ ಇಕ್ಕಿ ಎರಡುಕ್ಕೆ ಹಚ್ಚಾ ಅನ್ನಕ್ಕಾಯ್ತದಾ?’ ಎಂದರು ಅಜ್ಜಿ. ರಾಯರು ಕೂಡಲೇ ಇನ್ನೆರಡು ದತ್ತು ಅರ್ಜಿ ಕಳಿಸಿಕೊಟ್ಟರು, ಒಂದೊಂದು ಆರು ಪುಟ. ಮೊಮ್ಮಗ ಸಂತೇಪೇಟೆ ಕಡೆ ಹೋದಾಗ ಪ್ರಿಂಟು ತೆಗೆಸಿಕೊಂಡು ಬಂದ. ಅಜ್ಜಿ ಅದರಲ್ಲಿ ಕಳ್ಳೇಕಾಯಿ ಪೊಟ್ಟಣ ಕಟ್ಟುತ್ತಿದ್ದಾರೆ. ಕಳೆದ ಭಾನುವಾರ ಬೆಟ್ಟ ಹತ್ತುತ್ತಿದ್ದ ಹುಡುಗಿಯೊಬ್ಬಳು ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿ, ‘ನೀವು ವಿದೇಶಕ್ಕೆ ಹೋದರೆ ನಾಯಿಯ ಗತಿಯೇನು ಅಂತ ಬರ್ದಿದೆ ಕಣೇ!’ ಎಂದು ಗೆಳತಿಗೆ ಓದಿ ಹೇಳುತ್ತಿದ್ದಳು. ಮುಂದೆ ಮೂರು ಕಾಲಿನ ಕೆಂಚ ಅವರಿಗೆ ದಾರಿ ತೋರಿಸುತ್ತ, ಬಿಸ್ಕತ್ತು ಎಲ್ಲಿ ಎಂದು ಆಗಾಗ ತಿರುಗಿ ನೋಡುತ್ತಿತ್ತು.